ಶಂಕ್ರೆವ್ವನ ಬಾಣಂತನ

ನಮ್ಮ ಅತ್ತೆ ಹಡೆದಿದ್ದಾರೆ ಎಂಬ ಸುದ್ದಿ ನನಗೆ ಗೊತ್ತಾದದ್ದು ಸಿಂದಗಿಯಲ್ಲಿ, ಅಂಗನವಾಡಿ ಕಾರ್ಯಕರ್ತೆಯರ ಮೀಟಿಂಗಿನ ನಡುವೆ. ಚಹಾ ಬಂದ ಹೊತ್ತಿಗೆ ನಮ್ಮ ಸೂಪರ್‌ವೈಸರ್ ಸುಜಾತಾ ಮೇಡಂ ನನ್ನ ಪಕ್ಕದ ಕುರ್ಚಿಗೆ ಬಂದು ಕೂತು ಮೊಣಕೈಯಿಂದ ತಿವಿದರು. ಅವರ ತವರು ಇಂಡಿ. ಇಂಡಿಯ ಸುದ್ದಿ ಇಂಡಿಯವರಿಗಿಂತ ಮೊದಲು ಅವರಿಗೆ ತಿಳಿಯುತ್ತದೆ.

“ಕಾವೇರಿ, ಪೇಢೆ ಎಲ್ಲೈತಿ?”

“ಯಾವ ಪೇಢೆರಿ ಮೇಡಂ?”

“ನನ್ನ ಮುಂದ ಮುಚ್ಚಿಡಬ್ಯಾಡ. ನಿಮ್ಮತ್ತಿ ಹಡದಾರಂತ. ಗಂಡು ಕೂಸಂತ.”

ನನ್ನ ಬಾಯಲ್ಲಿದ್ದ ಚಹಾ ಎದುರಿಗಿದ್ದ ಪೌಷ್ಟಿಕ ಆಹಾರದ ಪೋಸ್ಟರಿನ ಮೇಲೆ ಹೋಗಿ ಬಿತ್ತು. ನಮ್ಮ ಅತ್ತೆ ಶಂಕ್ರೆವ್ವನಿಗೆ ಐವತ್ತೈದು ದಾಟಿದೆ. ಅವರ ಮೊಮ್ಮಗಳು, ಅಂದರೆ ನನ್ನ ಮಗಳು, ಹೈಸ್ಕೂಲಿಗೆ ಹೋಗುತ್ತಾಳೆ.

“ಯಾರ್ ಹೇಳಿದ್ರು ನಿಮಗ?”

“ಇಂಡ್ಯಾಗ ಹೇಳಲಾರದವರು ಯಾರದಾರ? ಕಣ್ಣಾರೆ ನೋಡಿ ಬಂದಾರ. ಹೊರಸಿನ ಮ್ಯಾಲ ಮಲಗ್ಯಾರಂತ, ಕೆಳಗ ಕೆಂಡದ ಶೆಗಡಿ ಇಟ್ಟಾರಂತ, ಹೊಟ್ಟಿ ಬಿಗಿದು ಕಟ್ಟ್ಯಾರಂತ, ಕಿವಿಗೆ ಅರಿವಿ ಸುತ್ಯಾರಂತ. ಇದು ಬಾಣಂತನ ಅಲ್ಲದ ಮತ್ತೇನು?” ಮೇಡಂ ದನಿ ಇಳಿಸಿದರು. “ಅಲ್ಲ ಕಾವೇರಿ, ಬಾಣಂತಿ ಹೊರಸಿನ ಕೆಳಗ ಕೆಂಡ ಇಡಬ್ಯಾಡ್ರಿ ಅಂತ ಊರ ಮಂದಿಗೆಲ್ಲ ಜಗಳ ಮಾಡಿ ಹೇಳಾಕಿ ನೀನು. ನಿನ್ನ ಮನ್ಯಾಗ ಹಿಂಗಾದ್ರ ಹೆಂಗ?”

ಹಡೆದ ಮಾತಿಗೆ ನನಗೆ ನಗು ಬಂದಿತ್ತು. ಕೆಂಡ ಎಂದದ್ದೇ ತಡ, ನಗು ಹಾರಿಹೋಯಿತು. ಚೀಲ ಎತ್ತಿಕೊಂಡು, ಯಾರಿಗೂ ಹೇಳದೆ ಕೇಳದೆ, ದೇವಣಗಾಂವದ ಬಸ್ಸು ಹಿಡಿದೆ. ಸಿಟ್ಟು ನನಗೆ ಬೇಗ ಬರುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸವೂ ನನಗಿಲ್ಲ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ್ದಕ್ಕೇ ಗದರಿಸಿದೆ.

ಯಾಕೆ ಅಷ್ಟು ಗಾಬರಿ ಎಂದು ಹೇಳಬೇಕು. ಅತ್ತೆಗೆ ಅಂಡಾಶಯದ ಕ್ಯಾನ್ಸರ್. ವಿಜಯಪುರದ ದವಾಖಾನೆಯಲ್ಲಿ ಆ ಹೆಸರು ಕೇಳಿದ ದಿನವೇ ನಮ್ಮ ಮಾವ ಸೋಮನಿಂಗಪ್ಪ ಹುಕುಂ ಹೊರಡಿಸಿದ್ದರು, ಆ ಮಾತು ನಮ್ಮ ಹೊಸ್ತಿಲು ದಾಟಬಾರದು ಎಂದು. ಬೀಗರು ಬಿಜ್ಜರು ಕೇಳಿದರೆ “ಹೊಟ್ಟೀದು ಸ್ವಲ್ಪ ತ್ರಾಸೈತಿ” ಎನ್ನಬೇಕು, ಅಷ್ಟೇ. ನಾವೂ ಅಷ್ಟೇ ಅಂದೆವು. ಆಪರೇಷನ್ ಆಯಿತು, ಔಷಧವಾಯಿತು. ಕೂದಲೆಲ್ಲ ಉದುರಿತು, ಸೆರಗು ಹೊದ್ದುಕೊಂಡು ಅದನ್ನೂ ಮುಚ್ಚಿದೆವು. ಕೂದಲು ಮತ್ತೆ ಬಂತು, ಅದರ ಹಿಂದೆಯೇ ಗಡ್ಡೆಯೂ ಮತ್ತೆ ಬಂತು. ಹೊಟ್ಟೆಯಲ್ಲಿ ನೀರು ತುಂಬಿ ದುಂಡಗೆ ಉಬ್ಬಿತು.

ಆಗ ಶಬಾನಾ ಡಾಕ್ಟರ್ ಹೊಸ ದಾರಿ ಹೇಳಿದರು. ಅವರು ವಿಜಯಪುರದವರೇ, ಮಾತು ನಮ್ಮದೇ.

“ನೋಡ್ ಯವ್ವಾ, ಔಷಧ ಹಳೇದು, ಚೀಲ ಹೊಸಾದು. ಕೊಬ್ಬಿನ ಸಣ್ಣ ಗುಳ್ಳಿ ಒಳಗ ಔಷಧ ತುಂಬಿ ರಕ್ತಕ್ಕ ಬಿಡ್ತೇವಿ. ಎಷ್ಟ್ ಸಣ್ಣು ಅಂದ್ರ, ನಿನ್ನ ಒಂದು ಕೂದಲದ ಅಡ್ಡಕ್ಕ ಇಂಥಾ ಗುಳ್ಳಿ ನೂರಾರು ಸಾಲಾಗಿ ಕೂಡ್ತಾವು. ನ್ಯಾನೋ ಅಂತಾರ ಅದಕ್ಕ. ಚಲೋ ರಕ್ತನಾಳದ ಗ್ವಾಡಿ ಗಟ್ಟಿ ಇರ್ತೈತಿ, ಗುಳ್ಳಿ ಹೊರಗ ಬರಂಗಿಲ್ಲ. ಗಡ್ಡಿ ಅವಸರದಾಗ ಕಟ್ಟಿಕೊಂಡ ನಾಳದಾಗ ಬರೀ ಸಂದಿ. ಅಲ್ಲಿ ಸೋರಿ ಒಳಗಿಳದು ಕೂಡ್ತಾವು, ಕುಂತಲ್ಲೇ ಔಷಧ ಬಿಡ್ತಾವು. ಮೈಗೆ ತ್ರಾಸ ಕಡಿಮಿ. ಕೂದಲೂ ಬಹಳ ಉದರಂಗಿಲ್ಲ.”

“ಮತ್ತ ಅವು ಬ್ಯಾರೆ ಕಡೆ ಹೋಗಂಗಿಲ್ಲೇನು?” ಅತ್ತೆ ಕೇಳಿದ್ದರು.

“ಅಂಗೈ, ಅಂಗಾಲಿಗೆ ಸ್ವಲ್ಪ ಇಳೀತಾವು. ಎಲ್ಲಿ ಕಾವು ಇರ್ತೈತಿ, ಎಲ್ಲಿ ಒತ್ತು ಬೀಳ್ತೈತಿ, ಅಲ್ಲಿ ಹೆಚ್ಚು. ಅದಕ್ಕ ರೊಟ್ಟಿ ಬಡೀಬ್ಯಾಡ. ಬಿಸಿನೀರು ಬ್ಯಾಡ, ಒಲಿ ಮುಂದ ಕೂಡಬ್ಯಾಡ. ಚರ್ಮ ಬೊಕ್ಕಿ ಎದ್ದು ಒಡೀತು ಅಂದ್ರ ಮುಂದಿನ ಡೋಸ್ ಕೊಡಾಕ ಬರಂಗಿಲ್ಲ. ನಾವು ಕಾಯಬೇಕು, ಗಡ್ಡಿ ಕಾಯಂಗಿಲ್ಲ.”

ನನ್ನನ್ನು ಹೊರಗೆ ಕರೆದು ಇನ್ನೊಂದು ಮಾತನ್ನೂ ಹೇಳಿದ್ದರು. ಈ ಔಷಧಕ್ಕೆ ಗಡ್ಡೆ ಬಗ್ಗದಿದ್ದರೆ ಮುಂದಿನ ದಾರಿ ಬಹಳ ಕಿರಿದು. ಆ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಗಂಡ ಮಾಳಿಂಗ ಟೆಂಪೋ ಓಡಿಸುತ್ತಾನೆ, ತಲೆಯಲ್ಲಿ ಅದನ್ನಿಟ್ಟುಕೊಂಡು ರಸ್ತೆ ನೋಡುವುದು ಹೇಗೆ ಎಂದು ನನ್ನೊಳಗೇ ಇಟ್ಟುಕೊಂಡಿದ್ದೆ.

ಅತ್ತೆ ಡಾಕ್ಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದರು. ಸೂಜಿ ಹಾಕಿ ಹೊಟ್ಟೆಯ ನೀರು ತೆಗೆದರು, ಹೊಸ ಔಷಧದ ಮೊದಲ ಡೋಸುಗಳೂ ಆದವು. ರೊಟ್ಟಿ ಬಡಿಯುವುದನ್ನು ಮರುಮಾತಿಲ್ಲದೆ ನನಗೆ ಬಿಟ್ಟುಕೊಟ್ಟರು, ನಾನು ಬಡಿದ ರೊಟ್ಟಿಯನ್ನು ನಾಯಿ ಮೂಸಿ ನೋಡಿ ಹೋಯಿತು ಎಂದಷ್ಟೇ ಹೇಳುತ್ತಿದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಶಂಕ್ರೆವ್ವ ಯಾವುದಕ್ಕಾದರೂ ಒಂದೇ ಮಾತಿಗೆ ಒಪ್ಪಿದರೆಂದರೆ ಒಳಗೆ ಬೇರೇನೋ ಬೇಯುತ್ತಿದೆ ಎಂದೇ ಲೆಕ್ಕ.

ಊರಿಗೆ ಬಂದು ಇಳಿದಾಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಗಂಡಸರು ನಮ್ಮ ಮಾವನ ಸುತ್ತ ಕೂತಿದ್ದರು. ಒಬ್ಬ ಅವರ ಕೈ ಕುಲುಕುತ್ತಿದ್ದ. ಮಾವ ತಲೆ ತಗ್ಗಿಸಿಕೊಂಡು ಮೀಸೆಯ ತುದಿ ತಿರುವುತ್ತಿದ್ದರು. ಅಲ್ಲ ಅನ್ನಬೇಕೆಂದರೆ ಕ್ಯಾನ್ಸರ್ ಎನ್ನಬೇಕು, ಅದಕ್ಕೆ ಅವರದೇ ಹುಕುಂ ಅಡ್ಡ. ಹೌದು ಎನ್ನಲು ನಾಚಿಕೆ. ಆದರೆ ಪೂರ್ತಿ ಬೇಸರದಲ್ಲಿದ್ದಂತೆಯೂ ಕಾಣಲಿಲ್ಲ.

ಮನೆಯ ಒಳಕೋಣೆಯ ಬಾಗಿಲು ದೂಡಿದೆ. ಲೋಬಾನದ ಹೊಗೆ, ಬೆಳ್ಳುಳ್ಳಿ ಸಿಪ್ಪೆಯ ಘಾಟು, ಕುಳ್ಳಿನ ಕೆಂಡದ ಬಿಸಿ ಒಟ್ಟಿಗೇ ಮುಖಕ್ಕೆ ಬಡಿದವು. ಹೊರಸಿನ ಮೇಲೆ ಅತ್ತೆ ಬೋರಲು ಮಲಗಿದ್ದರು. ಹೊರಸಿನ ಹಗ್ಗದ ಸಂದಿನಿಂದ ಕಾವು ನೆಟ್ಟಗೆ ಹೊಟ್ಟೆಗೆ ತಾಗುವಂತೆ ಕೆಳಗೆ ಶೆಗಡಿ. ಹೊಟ್ಟೆಗೆ ಹಳೆಯ ಇಳಕಲ್ಲ ಸೀರೆ ಬಿಗಿದು ಸುತ್ತಿತ್ತು, ತಲೆಗೆ ಕಿವಿ ಮುಚ್ಚುವ ಹಾಗೆ ಪಟ್ಟಿ. ಎರಡೂ ಕೈಯನ್ನು ಮಾತ್ರ ಹೊರಸಿನ ಆಚೆಗೆ ಚಾಚಿ, ತಣ್ಣೀರಿನ ಬೋಗುಣಿಯಲ್ಲಿ ಇಟ್ಟುಕೊಂಡಿದ್ದರು. ಅವರ ಸೊಂಟದ ಮೇಲೆ ಮೊಣಕೈ ಊರಿ ಪಕ್ಕದ ಮನೆಯ ಗೌಸಬಿ ಒತ್ತುತ್ತಿದ್ದಳು. ನಮ್ಮ ಓಣಿಯ ಬಾಣಂತಿಯರನ್ನೆಲ್ಲ ಎರೆದು ಕಾಸಿದವಳು ಅವಳೇ. ನನ್ನನ್ನೂ ಕಾಸಿದ್ದಳು.

“ಏನ್ ನಡಸೀರಿ ಇದು!” ನನ್ನ ದನಿಗೆ ಹೊರಗಿದ್ದ ಆಡು ಕೂಡ ಒದರಿತು.

ಗೌಸಬಿ ಬೆಚ್ಚಿ ಎದ್ದು ನಿಂತಳು. ಅತ್ತೆ ಮಾತ್ರ ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿದರು. “ಮೀಟಿಂಗ್ ಲಗೂ ಮುಗೀತೇನು?” ದಿನಾ ನಾನು ಕೆಲಸಕ್ಕೆ ಹೋದ ಮೇಲೆ ಶುರುಮಾಡಿ, ನಾನು ಬರುವ ಮೊದಲೇ ಎಲ್ಲವನ್ನೂ ಎತ್ತಿಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

“ಅತ್ತಿ, ಡಾಕ್ಟರ್ ಏನ್ ಹೇಳ್ಯಾರ? ಕಾವು ಬ್ಯಾಡ, ಒತ್ತು ಬ್ಯಾಡ ಅಂದಾರೋ ಇಲ್ಲೋ?”

“ಕೈಗೆ ಬ್ಯಾಡ ಅಂದಾಳ. ಅದಕ್ಕ ಕೈ ನೀರಾಗ ಇಟ್ಟೇನಿ.” ಅವರಿಗೆ ನನ್ನ ದಡ್ಡತನದ ಮೇಲೆ ಕನಿಕರವೇ ಬಂದಂತಿತ್ತು. “ಕಾವು ಎಲ್ಲೈತೋ, ಒತ್ತು ಎಲ್ಲೈತೋ, ಅಲ್ಲಿಗೆ ಔಷಧ ಬರ್ತೈತಿ ಅಂತ ನಿನ್ನ ಮುಂದ ಹೇಳ್ಯಾಳ. ಅಂಗೈಗೆ ಬಂದ್ರ ಲುಕ್ಸಾನು. ಹೊಟ್ಟಿಗೆ ಬಂದ್ರ ಫಾಯ್ದೆ ಅಲ್ಲೇನು? ಗಡ್ಡಿ ಇರೋದು ಎಲ್ಲಿ, ಅಂಗೈಯಾಗೇನು?”

“ಲೆಕ್ಕ ಬರೋಬ್ಬರಿ ಐತಿ ನೋಡು ತಂಗಿ,” ಎಂದಳು ಗೌಸಬಿ ಮೆಲ್ಲಗೆ. “ನಾನೂ ವಿಚಾರ ಮಾಡೇನಿ.”

ಆ ಲೆಕ್ಕ ಕೇಳಿ ನನ್ನ ಸಿಟ್ಟು ಇನ್ನಷ್ಟು ಏರಿತು. ಶೆಗಡಿಯನ್ನು ಎತ್ತಿಕೊಂಡು ಹೋಗಿ ಅಂಗಳಕ್ಕೆ ಸುರಿದು, ಕೊಡ ನೀರು ಹೊಯ್ದು ಬಂದೆ. ಹೊಟ್ಟೆಯ ಸೀರೆ ಬಿಚ್ಚಿದೆ. ಹೊಕ್ಕುಳ ಸುತ್ತ ಚರ್ಮ ಕೆಂಪಗೆ ಉರಿಯುತ್ತಿತ್ತು. ಬಿಗಿದು ಕಟ್ಟಿದ ಗಂಟಿನ ಜಾಗದಲ್ಲಿ ಬೊಕ್ಕೆಗಳೆದ್ದು, ಒಂದೆರಡು ಒಡೆದಿದ್ದವು. ಮುಂದಿನ ಡೋಸಿನ ದಿನ ಹತ್ತಿರದಲ್ಲೇ ಇತ್ತು.

“ಉರಿಯಾಕತ್ತಿಲ್ಲೇನ್ರಿ?”

“ಉರೀತೈತಿ. ಔಷಧ ಬಂದೈತಿ ಅಂತ ಖುಷಿ ಪಟ್ಟೆ,” ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಗಾಡಿಯ ತಲೆಯ ಮೇಲೆ ಹಗ್ಗ ಕಟ್ಟಿದ ತೊಟ್ಟಿಲು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಿಂದ ಅತ್ತೆಯ ಖಾಸಾ ತಂಗಿ ಯಲ್ಲವ್ವ ತನ್ನ ಓಣಿಯ ಹೆಂಗಸರನ್ನು ತುಂಬಿಕೊಂಡು ಬಂದಿದ್ದಳು. ಅವಳ ಕೈಯಲ್ಲಿ ಜರಿ ಅಂಚಿನ ಕುಲಾವಿ, ಬಗಲಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡೆಯ ಡಬ್ಬಿ, ಮುಖದ ತುಂಬ ಸಿಟ್ಟು.

“ಅಕ್ಕಾ, ಒಡಹುಟ್ಟಿದಾಕಿಗೆ ಒಂದ್ ಮಾತ್ ಹೇಳಬಾರದೇನು? ಮಂದಿ ಬಾಯಾಗ ಕೇಳಬೇಕೇನು ನಾನು? ಬಾಗೇವಾಡಿ ಸ್ಟ್ಯಾಂಡಿನ್ಯಾಗ ಚಹಾ ಕುಡ್ಯಾಕ ನಿಂತ್ರ, ಅವಳಿ ಜವಳಿ ಹೌದೇನು ಅಂತ ಕೇಳ್ತಾರ ನನಗ! ಎಷ್ಟ್ ಕೂಸು ಅಂತ ನನಗ ಗೊತ್ತಿಲ್ಲ!”

ಸುದ್ದಿ ಹುಟ್ಟಿದ್ದು ಎಲ್ಲಿಂದ ಎಂದು ಅಷ್ಟು ಹೊತ್ತಿಗೆ ನಮಗೆ ತಿಳಿದಿತ್ತು. ಮಾವನ ಅತ್ತಿಗೆ ಸುಂದರವ್ವ ಇಂಡಿಯಿಂದ ಅತ್ತೆಯನ್ನು ಮಾತಾಡಿಸಲು ಬಂದಿದ್ದಳು. ದೀಪಾವಳಿಯಲ್ಲಿ ಅತ್ತೆಯ ಉಬ್ಬಿದ ಹೊಟ್ಟೆ ನೋಡಿದವಳು, ಈಗ ಇಳಿದ ಹೊಟ್ಟೆ, ತಲೆತುಂಬ ಕೂದಲು, ಕೆಂಡ, ಹೊರಸು, ಗೌಸಬಿ ಎಲ್ಲವನ್ನೂ ಕಂಡು ತಾನೇ ನಾಚಿಕೊಂಡು, ಬಾಗಿಲಿಂದಲೇ ಬಾಳೆಹಣ್ಣು ಇಟ್ಟು ಬಸ್ಸು ಹತ್ತಿದ್ದಳು. ಕೂಸು ಕಾಣಲಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, ದೃಷ್ಟಿಯಾಗುತ್ತದೆ ಎಂದು ಒಳಗಿಟ್ಟಿದ್ದಾರೆ ಎಂದಳಂತೆ. ಇಂಡಿಯ ಸಂತೆಯಲ್ಲಿ ಅದು ಗಂಡಾಯಿತು, ಬಾಗೇವಾಡಿಗೆ ಬರುವಷ್ಟರಲ್ಲಿ ಎರಡಾಯಿತು.

ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತರು. ಕೂಸನ್ನು ತರಲಿ ಎಂದು ಎಲ್ಲರ ಕಣ್ಣೂ ಒಳಬಾಗಿಲ ಮೇಲೆ. ಮಾವ ನನಗೆ ಕಣ್ಸನ್ನೆ ಮಾಡುತ್ತಿದ್ದರು, ಹೇಳಬೇಡ ಎಂದು. ಹಾಗಾದರೆ ಏನು ಹೇಳಬೇಕು? ಕೂಸು ಮಲಗಿದೆ ಎನ್ನಬೇಕೇ? ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು.

“ಕೂಸು ಇಲ್ಲ ಯಲ್ಲವ್ವಾ. ಕ್ಯಾನ್ಸರ್ ಐತಿ.”

ಆ ಮಾತು ನಮ್ಮ ಮನೆಯಲ್ಲಿ ಜೋರಾಗಿ ಕೇಳಿಸಿದ್ದು ಅದೇ ಮೊದಲು. ಮಾವ ಗೋಡೆಗೆ ಒರಗಿದರು. ಯಲ್ಲವ್ವನ ಕುಲಾವಿ ಹಿಡಿದ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಅತ್ತೆ ತಂಗಿಯ ಮುಖ ನೋಡಿದರು, ಕುಲಾವಿ ನೋಡಿದರು, ಬಾಗಿಲಾಚೆ ತೊಟ್ಟಿಲು ಇಳಿಸುತ್ತಿದ್ದ ಡ್ರೈವರನನ್ನು ನೋಡಿದರು. ನಗು ಅವರಿಗೆ ಹೊಟ್ಟೆಯಿಂದಲೇ ಬಂತು. ಬೊಕ್ಕೆ ಉರಿದು “ಅಯ್ಯಯ್ಯೋ” ಎನ್ನುತ್ತ ಹೊಟ್ಟೆ ಹಿಡಿದುಕೊಂಡೇ ನಕ್ಕರು.

“ಕ್ಯಾನ್ಸರ್ ಆದಾಕಿ ಹಿಂಗ್ ನಗ್ತಾಳೇನ ಅಕ್ಕಾ?” ಯಲ್ಲವ್ವ ಅಳುತ್ತ ಕೇಳಿದಳು.

“ಎರಡು ಹಡದೇನಿ ಅಂತ ಸುದ್ದಿ ಕೇಳಿದಾಕಿ ಇನ್ನೇನ್ ಮಾಡಬೇಕು? ನಿಮ್ಮ ಮಾಂವನ ಮಾರಿ ನೋಡು ಒಮ್ಮೆ!”

ಎಲ್ಲರೂ ಮಾವನ ಮುಖ ನೋಡಿದರು. ಚಹಾದಂಗಡಿಯಲ್ಲಿ ಸಿಕ್ಕ ಮರ್ಯಾದೆಯೆಲ್ಲ ಕೈಬಿಟ್ಟು ಹೋಗುತ್ತಿದ್ದ ಆ ಮುಖ ನೋಡಿ ತಂಗಡಗಿಯ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಹಿಡಿಯುವವರೇ ಇರಲಿಲ್ಲ. ಅಳುವವರು ಅತ್ತರು, ನಗುವವರು ನಕ್ಕರು, ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಅಂಟಿನ ಉಂಡೆಯ ಡಬ್ಬಿ ಖಾಲಿಯಾಯಿತು. ಗೌಸಬಿ ನಗುತ್ತ ಬಂದವಳು ಬೊಕ್ಕೆ ನೋಡಿ, ತನ್ನ ಮೊಣಕೈಗೆ ತಾನೇ ಹೊಡೆದುಕೊಂಡು ಅತ್ತಳು. ಮುಚ್ಚಿಡುವುದಕ್ಕೆ ಏನೂ ಉಳಿಯದ ಆ ಮನೆಯಲ್ಲಿ ಅವತ್ತು ನನಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಹಸಿವಾಯಿತು.

ಡೋಸಿನ ದಿನ ಶಬಾನಾ ಡಾಕ್ಟರ್ ಹೊಟ್ಟೆ ನೋಡಿದರು. “ಇದೇನಿದು?” ಎಂದರು. ಅತ್ತೆ ತಮ್ಮ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ವಿವರಿಸಿದರು, ತಣ್ಣೀರಿನ ಬೋಗುಣಿಯನ್ನೂ ಬಿಡಲಿಲ್ಲ. ಡಾಕ್ಟರ್ ಸಿಟ್ಟಿನಿಂದ ಕೇಳತೊಡಗಿದವರು, ಗೌಸಬಿಯ ಮೊಣಕೈ ಬಂದ ಹೊತ್ತಿಗೆ ಕುರ್ಚಿಯಲ್ಲಿ ಕೂತುಬಿಟ್ಟರು. ತೊಟ್ಟಿಲು ಬಂದ ಹೊತ್ತಿಗೆ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಯವ್ವಾ, ಕಾವು ತಾಗಿದ್ರ ಒಡದು ಔಷಧ ಬಿಡೋ ಬ್ಯಾರೆ ಥರದ ಗುಳ್ಳಿ ಮಾಡಿ ಪ್ರಯೋಗ ಮಾಡಾಕತ್ತಾರ, ಇಲ್ಲ ಅನ್ನಂಗಿಲ್ಲ...”

“ನೋಡ್!” ಎಂದು ಅತ್ತೆ ನನ್ನ ಕಡೆ ತಿರುಗಿದರು.

“ಪೂರಾ ಕೇಳು! ಅದಕ್ಕ ಯಂತ್ರ ಬೇಕು, ಕಾವು ಬರೋಬ್ಬರಿ ಇಷ್ಟ ಇರಬೇಕಂತ ಅಳತಿ ಬೇಕು. ನಿನಗ ಕೊಡೋ ಗುಳ್ಳಿ ಅಂಥಾವಲ್ಲ. ನೀನು ಕುಳ್ಳು ಹಚ್ಚಿ ಚರ್ಮಕ್ಕ ಔಷಧ ಉಣ್ಣಿಸೀದಿ, ಗಡ್ಡಿಗಲ್ಲ.” ಡಾಕ್ಟರ ದನಿ ಮೆತ್ತಗಾಯಿತು. “ಇವತ್ತ ಡೋಸ್ ಕೊಡಾಕ ಬರಂಗಿಲ್ಲ. ಇದು ಮಾಯಲಿ. ಅಷ್ಟರಾಗ ಸ್ಕ್ಯಾನ್ ಮಾಡಿಸೋಣು.”

ಅತ್ತೆಯ ಮುಖ ಇಳಿಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಬೈಯಬೇಕೆಂದು ನಾನು ಬೇಕಾದಷ್ಟು ಮಾತು ಕೂಡಿಟ್ಟುಕೊಂಡಿದ್ದೆ.

“ಅಷ್ಟ್ ಸಣ್ಣು ಗುಳ್ಳಿ, ಒಂದೊಂದ ಹೋಗಿ ಅಷ್ಟ್ ದೊಡ್ಡ ಗಡ್ಡಿ ಜೋಡಿ ಬಡದಾಡತಾವು ಅಂದ್ಲು,” ಎಂದರು ಅವರು ಕೊನೆಗೆ. “ನಾನು ಸುಮ್ಕ ಮಲಗಿ ನೋಡೋದು ಹೆಂಗ ಕಾವೇರಿ? ನನ್ನ ಹೊಟ್ಟಿ, ನನ್ನ ಜೀವ. ಏನರ ಕೈ ಹಚ್ಚಬೇಕಲ್ಲ ನಾನೂ?”

ನಾನು ಅವರ ಕೈ ಹಿಡಿಯಲು ಹೋಗಿ, ಒತ್ತು ಬೀಳಬಾರದೆಂದು ನೆನಪಾಗಿ, ಸೆರಗಿನ ತುದಿ ಹಿಡಿದುಕೊಂಡು ಕೂತೆ.

ಚರ್ಮ ಮಾಯುವವರೆಗೆ ಯಲ್ಲವ್ವ ನಮ್ಮಲ್ಲೇ ಉಳಿದಳು, ಅಕ್ಕನನ್ನು ಬೇವಿನ ನೆರಳಿನಿಂದ ಏಳಗೊಡಲಿಲ್ಲ. ಇಂಡಿಯಿಂದ ಸುಂದರವ್ವ ಬಂದು ಎಲ್ಲರ ಮುಂದೆ ಕಿವಿ ಹಿಡಿದುಕೊಂಡಳು, ಮೊಸರಿನ ಗಡಿಗೆ ಇಟ್ಟು ಹೋದಳು. ನಾನು ಮಾತ್ರ ಗಡ್ಡೆ ಕಾಯುವುದಿಲ್ಲ ಎಂಬ ಮಾತನ್ನು ಎದ್ದರೂ ಕೂತರೂ ಕೇಳಿಸಿಕೊಳ್ಳುತ್ತಿದ್ದೆ.

ಮತ್ತೆ ದವಾಖಾನೆಗೆ ಹೋದ ದಿನ ಡಾಕ್ಟರ್ ಹೊಟ್ಟೆ ನೋಡಿ, ಅಂಗೈ ನೋಡಿ, ಅಂಗಾಲು ನೋಡಿ, ಆಮೇಲೆ ಗೋಡೆಯ ಬೆಳಕಿಗೆ ಸ್ಕ್ಯಾನಿನ ಎರಡು ಫಿಲ್ಮು ಹಿಡಿದರು. ಒಂದು ಮೊದಲಿನದು, ಒಂದು ಈಗಿನದು. ನನಗೆ ಎರಡೂ ಬೂದುಬಣ್ಣದ ಮೋಡ. ಅವರ ಬೆರಳು ಹೋದ ಕಡೆ ನೋಡಿದೆ. ಮೊದಲ ಫಿಲ್ಮಿನಲ್ಲಿ ನಿಂಬೆಹಣ್ಣಿನಷ್ಟು ಇದ್ದದ್ದು ಎರಡನೆಯದರಲ್ಲಿ ಬಾರೆಹಣ್ಣಿನಷ್ಟಾಗಿತ್ತು.

“ಕುಗ್ಗೈತಿ,” ಎಂದರು ಡಾಕ್ಟರ್. “ಇನ್ನೂ ದೂರ ಹೋಗಬೇಕು. ಆದ್ರ ಔಷಧ ಖರೇ ಕೆಲಸ ಮಾಡಾಕತ್ತೈತಿ. ಇವತ್ತ ಡೋಸ್ ಕೊಡೂಣು.”

“ಕೆಂಡದ್ದು ಒಂದೀಟರ...” ಎಂದು ಅತ್ತೆ ಶುರುಮಾಡಿದರು.

“ಕೆಂಡದ್ದು ಏನೇನೂ ಇಲ್ಲ!” ನಾನೂ ಡಾಕ್ಟರೂ ಒಟ್ಟಿಗೇ ಕೂಗಿದೆವು. ಹೊರಗಿದ್ದ ನರ್ಸ್ ಇಣುಕಿ ನೋಡಿ ಹೋದಳು.

ಮಂಚದ ಮೇಲೆ ಅತ್ತೆಯನ್ನು ಕೂರಿಸಿದರು. ಮೊಣಕೈಯ ಮೇಲೆ ಸೂಜಿ ಹಾಕಿ, ಎರಡೂ ಅಂಗೈಗೆ ಮಂಜುಗಡ್ಡೆಯ ಚೀಲ ಕಟ್ಟಿದರು, ಔಷಧ ಕೈಗೆ ಇಳಿಯದಿರಲಿ ಎಂದು. ನಳಿಗೆಯಲ್ಲಿ ಕೆಂಪು ಔಷಧ ಮೆಲ್ಲಗೆ ಇಳಿಯತೊಡಗಿತು. ಕಣ್ಣಿಗೆ ಕಾಣದ ಎಷ್ಟು ಕೋಟಿ ಗುಳ್ಳೆಗಳು ಅದರೊಳಗೆ ಹೋಗುತ್ತಿದ್ದವೋ, ನನಗೆ ಒಂದೊಂದನ್ನೂ ಹೆಸರು ಹಿಡಿದು ಕರೆದು ಹರಸಬೇಕೆನಿಸಿತು. ನಗು ಬಂತು. ನಕ್ಕೆ. ನಗುತ್ತಿದ್ದವಳಿಗೆ ಯಾವಾಗ ಅಳು ಬಂತೋ ಗೊತ್ತಾಗಲಿಲ್ಲ. ಇಷ್ಟು ದಿನ ಒಳಗಿಟ್ಟುಕೊಂಡಿದ್ದ ಡಾಕ್ಟರ ಆ ಮಾತು, ದಾರಿ ಬಹಳ ಕಿರಿದು ಎಂದದ್ದು, ಬಾಯಿಂದ ಹೊರಗೆ ಬಿದ್ದೇಹೋಯಿತು. ಬಿಕ್ಕುತ್ತ ಎಲ್ಲವನ್ನೂ ಹೇಳಿಬಿಟ್ಟೆ.

ಅತ್ತೆ ಪೂರ್ತಿ ಕೇಳಿದರು. “ಇಷ್ಟ್ ದಿನ ಒಬ್ಬಾಕೀನ ಹೊತ್ತೀದೇನ ಇದನ್ನ?” ಎಂದರು. ನನ್ನ ಕಣ್ಣೊರೆಸಲು ಕೈ ಎತ್ತಿದರು, ಎರಡೂ ಕೈಯಲ್ಲಿ ಮಂಜುಗಡ್ಡೆ. ಕೈ ಕೆಳಗಿಟ್ಟು, ತಲೆ ಅಲ್ಲಾಡಿಸಿ, ಹೆಗಲು ಮುಂದಕ್ಕೆ ಚಾಚಿದರು.

“ಕೈ ಖಾಲಿ ಇಲ್ಲ ಹುಡುಗಿ. ಬಾ, ಇಲ್ಲಿ ಒರಸ್ಕೋ.”

ನಾನು ಅವರ ಹೆಗಲಿಗೆ ಮುಖ ಒತ್ತಿದೆ. ಮರುಕ್ಷಣವೇ ಒತ್ತು ಬೀಳುತ್ತದೆಂದು ಹೆದರಿ ಹಿಂದಕ್ಕೆ ಸರಿಯಹೋದೆ.

“ಇರ್ಲಿ ಬಿಡು, ಒತ್ತು,” ಎಂದರು ಅತ್ತೆ. “ಇಲ್ಲಿಗೂ ಒಂದೀಟು ಔಷಧ ಬರ್ಲಿ.”